ಹನ್ನೊಂದು ಕೈಗಳು ಒಪ್ಪಿದ ಕೇಬಲ್

ಅಪಘಾತ ತನಿಖಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನನ್ನ ಮಗಳು ಇಲಿಂಕಾ ನಮ್ಮ ವಸತಿ ಕಟ್ಟಡದ ತಾರಸಿಯಿಂದ ಬಿದ್ದು ತೀರಿಕೊಂಡದ್ದಕ್ಕೆ ತಾವು ಕಂಡುಹಿಡಿದ ಕಾರಣ: ‘ಮೃತರ ಅಜಾಗರೂಕತೆ’. ಎರಡೇ ಪದ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟೆಗಟ್ಟಲೆ ಮಾತಾಡಿ ಬಹುಮಾನ ಗೆದ್ದ ನನಗೆ ತಮ್ಮ ಮಿತಭಾಷೆಯ ಬಗ್ಗೆ ಅಸೂಯೆಯಾಗುತ್ತದೆ. ಆದರೆ ಆ ಎರಡು ಪದಗಳೂ ಸುಳ್ಳು. ಕಾರಣ ನಾನು.

ಎದುರಿನ ಕಟ್ಟಡದಿಂದ ನಮ್ಮ ತಾರಸಿಗೆ ಇಂಟರ್ನೆಟ್ ಕೇಬಲ್ ಎಳೆಯುವ ಬಗ್ಗೆ ತೀರ್ಮಾನಿಸಲು ಕಳೆದ ಬೇಸಿಗೆಯಲ್ಲಿ ನೆರೆಹೊರೆಯ ಹನ್ನೆರಡು ಮಂದಿ ಬಟ್ಟೆ ಒಣಗಿಸುವ ಕೋಣೆಯಲ್ಲಿ ಸೇರಿದ್ದೆವು. ಅಧ್ಯಕ್ಷ, ನಿವೃತ್ತ ಮೇಷ್ಟ್ರಾದ ನಾನು. ದೂರವಾಣಿ ಕೇಂದ್ರದಲ್ಲಿ ತಂತ್ರಜ್ಞೆಯಾಗಿದ್ದ ಇಲಿಂಕಾ, ನಾನು ಆರಿಸಿದ್ದ ಕೇಬಲಿನ ತುಂಡೊಂದನ್ನು ಎತ್ತಿ ಹಿಡಿದಳು.

‘ಅಪ್ಪಾ, ಇದು ಮನೆಯೊಳಗೆ ಹಾಕೋ ಕೇಬಲ್. ಬಿಸಿಲು, ಹಿಮಕ್ಕೆ ಸಿಪ್ಪೆ ಬಿರಿಯುತ್ತೆ. ಒಳಗಿರೋದು ತಾಮ್ರಾನೂ ಅಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ. ನಮಗೆ ಹೊರಗೆ ಹಾಕೋ ಕರಿ ಕೇಬಲ್ ಬೇಕು, ಜೊತೆಗೆ ಆಧಾರಕ್ಕೆ ಉಕ್ಕಿನ ತಂತಿ. ನಮಗೆ ಬೇಕಾದ ವೇಗಕ್ಕೆ ಐದನೇ ವರ್ಗದ್ದೇ ಧಾರಾಳವಾಯ್ತು.’

ನಾನು ಎದ್ದು ನಿಂತೆ. ‘ನಮ್ಮ ಪೆಟ್ಟಿಗೆ ಮೇಲೆ ತಾಮ್ರ ಅಂತ ಅಚ್ಚಾಗಿದೆ, ವರ್ಗ ಏಳು ಅಂತಾನೂ ಇದೆ. ಏಳನೇ ಮಹಡಿವರೆಗೆ ಲಿಫ್ಟ್ ಇರೋವಾಗ ಐದರಲ್ಲೇ ಇಳಿದು ಮೆಟ್ಟಿಲು ಹತ್ತೋರು ಯಾರಾದ್ರೂ ಇದ್ದೀರಾ?’

ಎಲ್ಲರೂ ನಕ್ಕರು. ಕೆಳಮನೆಯ ಅಗ್ಲಾಯಾ, ‘ಕೂತ್ಕೊಳ್ಳೇ ಹುಡುಗಿ! ಮೇಷ್ಟ್ರು ಬರೀ ಮಾತಲ್ಲೇ ಕೇಬಲ್ ಎಳೆದುಬಿಡ್ತಾರೆ’ ಎಂದರು. ನನ್ನ ಪರವಾಗಿ ಹನ್ನೊಂದು ಕೈಗಳು ಮೇಲೆದ್ದವು. ವಿರುದ್ಧ ಒಂದೇ.

‘ನೀವು ಗೆದ್ರಿ ಅಪ್ಪಾ,’ ಎಂದಳು. ‘ಚಳಿಗಾಲದ ಹತ್ರಾನೂ ಹೀಗೇ ವಾದ ಮಾಡಿ.’

ಡಿಸೆಂಬರಿನಲ್ಲಿ ಸುರಿದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತು. ಸಂಪರ್ಕ ಸತ್ತಿತು. ದೂರು ತಂದವರ ಮುಂದೆ ನಾನು ಅವಳಿಗೆ, ‘ಕೇಬಲ್ ಚೆನ್ನಾಗೇ ಇದೆ, ನೀನು ಜೋಡಿಸಿದ್ದೇ ಸರಿಯಿಲ್ಲ’ ಎಂದೆ. ಅವಳು ಚಮಚ ಕೆಳಗಿಟ್ಟಳು. ‘ಹಾಗಿದ್ರೆ ನೋಡ್ಕೊಂಡೇ ಬರ್ತೀನಿ. ಹುರುಳಿಕಾಯಿ ಸೂಪು ಒಲೆ ಮೇಲೇ ಇರಲಿ.’

ಹೆಪ್ಪುಗಟ್ಟಿದ ತಾರಸಿಯಿಂದ ಬಿದ್ದ ಅವಳ ಮುಷ್ಟಿಯಲ್ಲಿ ಸಿಕ್ಕ ಕೇಬಲಿನ ತುಂಡನ್ನು ತಮ್ಮ ಮೇಜಿನವರೆಗೂ ತಂದಿದ್ದೆ. ಸಿಪ್ಪೆ ಬಿರಿದಿತ್ತು, ಮುರಿದ ಎಳೆಗಳ ತುದಿ ತಾಮ್ರದಂತೆ ಕೆಂಪಗಿರದೆ ಬೆಳ್ಳಗಿತ್ತು. ಸಿಪ್ಪೆಯ ಮೇಲೂ ಅಚ್ಚಾಗಿದ್ದ ಏಳು ಎಂಬ ಅಂಕಿ ಮಾತ್ರ ಎಲ್ಲೂ ಮಾಸಿರಲಿಲ್ಲ. ‘ಕೇಬಲ್ ಯಾರನ್ನೂ ತಳ್ಳಲ್ಲ ತಾತ’ ಎಂದರು ತಮ್ಮ ಗುಮಾಸ್ತರು. ಒಪ್ಪಿದೆ. ತಳ್ಳಿದ್ದು ನನ್ನ ನಾಲಿಗೆ. ಹಾಗಾದರೆ, ಬಿರಿಯುತ್ತದೆಂದು ಮೊದಲೇ ಹೇಳಿದವಳು ಅಜಾಗರೂಕಳೇ? ಅಲ್ಯೂಮಿನಿಯಂ ತುಂಬಿ ತಾಮ್ರವೆಂದು ಅಚ್ಚು ಹಾಕಿದವನು ಜಾಗರೂಕನೇ? ಅದನ್ನು ನಂಬಿ, ನಂಬದವಳನ್ನು ನಗೆಪಾಟಲು ಮಾಡಿದ ತಂದೆಗೆ ತಮ್ಮ ನಮೂನೆಯಲ್ಲಿ ಒಂದು ಕಾಲಮ್ಮೂ ಇಲ್ಲವೇ?

ಬಟ್ಟೆ ಒಣಗಿಸುವ ಕೋಣೆಯಲ್ಲಿ ಆ ಕೇಬಲಿನ ಅರ್ಧ ಸುರುಳಿ ಇನ್ನೂ ಉಳಿದಿದೆ. ಬಂದು ಪರೀಕ್ಷಿಸಿ. ಬಳಿಕ ಆ ಎರಡು ಪದಗಳನ್ನು ಹೊಡೆದುಹಾಕಿ, ಹೀಗೆ ಬರೆಯಿರಿ: ‘ಮೃತರು ಎಚ್ಚರಿಸಿದ್ದರು. ತಂದೆ ಕೇಳಲಿಲ್ಲ.’ ದುಃಖದಲ್ಲಿರುವ ಮುದುಕನೆಂದು ಕರುಣೆ ತೋರಬೇಡಿ. ಈ ಒಂದು ವಾದದಲ್ಲಾದರೂ ಅವಳು ಗೆಲ್ಲಲಿ.

ಇಂತಿ,
ಒಂದರ ವಿರುದ್ಧ ಹನ್ನೊಂದು ಮತಗಳಿಂದ ಗೆದ್ದ
ತ್ರಾಯಾನ್ ಬುರ್ಲಾಕು