ಭಾವ ಕೂರಿಸಿದ ಮೋಟಾರು

ಮಾರ್ಚ್ ೯, ಭಾನುವಾರ

ಭಾವನ ಆ ಹಲ್ಲು ಕಿರಿದ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅಪ್ಪ ಜೀವನವಿಡೀ ಕೈಯಲ್ಲೇ ಎಳೆದ ಲಂಗರಿಗೆ ಈ ಮಹಾಶಯ ಕರೆಂಟ್ ಮೋಟಾರು ಕೂರಿಸಿದ. ಎರಡು ದಿನ ದೋಣಿಯ ಮೂತಿಯಲ್ಲಿ ತೂತು ಕೊರೆದದ್ದೇ ಕೊರೆದದ್ದು. ಸ್ಕ್ರೂಡ್ರೈವರ್ ಹಿಡಿಯಲು ಬಾರದವನ ಬಾಯಲ್ಲಿ ಬರೀ ಉಪದೇಶ.

"ನೀನು ಸುಮ್ನೆ ನೋಡ್ತಿರು. ಒಂದು ಗುಂಡಿ ಒತ್ತಿದ್ರೆ ಮುಗೀತು!"

ಒತ್ತಿದ. ಲಂಗರಿನ ಸರಪಳಿ ಖಣಖಣ ಎನ್ನುತ್ತಾ ಇಳಿಯಿತು, ಇಳಿಯುತ್ತಲೇ ಹೋಯಿತು, ಕೊನೆಯ ಕೊಂಡಿಯೂ ಕಣ್ಣೆದುರೇ ನೀರುಪಾಲಾಯಿತು. ಅದರ ತುದಿಯನ್ನು ದೋಣಿಗೆ ಕಟ್ಟಿರಲೇ ಇಲ್ಲ, ದಡ್ಡ ಶಿಖಾಮಣಿ.

"ಮೋಟಾರೇನೋ ಚೆನ್ನಾಗಿ ಓಡ್ತು, ನೋಡಿದ್ಯಾ?" ಅಂದ.

ಕಟ್ಟದೆ ಬಿದ್ದಿದ್ದ ಆ ತುದಿಯನ್ನು ನಾನು ಬೆಳಿಗ್ಗೆಯೇ ನೋಡಿದ್ದೆ. ಅವನ ಮಾನ ಹೋಗಲಿ ಅಂತ ಬಾಯಿ ಬಿಡಲಿಲ್ಲ.

ಹೋದದ್ದು ಅಪ್ಪನ ಲಂಗರು.