ಹದಿನೆಂಟರ ಮುದ್ರೆ

ಬುಧವಾರ, ಮಧ್ಯಾಹ್ನ ಮೂರು ಗಂಟೆ
ತಕ್ಕಡಿ ಅಂಗಡಿಯಿಂದ

ಸಿಟ್ಟಾದ ತಂಗಿಗೆ, ಅವಳಿಗಿಂತ ಹೆಚ್ಚು ಸಿಟ್ಟಾದ ಅಣ್ಣ ಬರೆಯುವುದು.

ಮೊದಲಿಗೆ ಒಂದು ಮಾತು ತಲೆಯಲ್ಲಿ ಇಟ್ಟುಕೋ. ನಿನ್ನ ಅಣ್ಣ ಹುಟ್ಟಿದಂದಿನಿಂದ ಇವತ್ತಿನವರೆಗೆ ಯಾವ ಆಟದಲ್ಲೂ ಸೋತವನಲ್ಲ. ಗೋಲಿಯಲ್ಲಿ ಇಲ್ಲ, ಇಸ್ಪೀಟಿನಲ್ಲಿ ಇಲ್ಲ, ಓಟದಲ್ಲಿ ಇಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಚದುರಂಗಕ್ಕೆ ಕೂತು ಹೆಡ್‌ಮಾಸ್ತರರ ರಾಜನನ್ನು ನಾಲ್ಕೇ ನಡೆಗೆ ಕಟ್ಟಿಹಾಕಿದ್ದೆ. ಆ ಅವಮಾನಕ್ಕೇ ಅವರು ವರ್ಗ ಮಾಡಿಸಿಕೊಂಡು ಹೋದರು. ನಿನಗೆ ಆಗ ಮೂರು ವರ್ಷ, ಅದಕ್ಕೇ ನೆನಪಿಲ್ಲ. ಇಂಥವನಿಗೆ ನೀನು ಸೋಮವಾರ ಫೋನಿನಲ್ಲಿ, ನಿನ್ ಕೈಗೆ ಮಗು ಕೊಟ್ಟಿದ್ದೇ ನನ್ ತಪ್ಪು, ಅಂತ ಅಂದು ಪಟ್ಟನೆ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದವನ್ನು ಪಟ್ಟನೆ ಇಡಲು ಆಗುವುದಿಲ್ಲ.

ನನ್ನ ಸಿಟ್ಟು ನಿನ್ನ ಮೇಲಲ್ಲ, ಆ ವಿಡಿಯೋ ಆಟದ ಡಬ್ಬಿಯ ಮೇಲೆ. ಅದು ಈಗಲೂ ನನ್ನ ಮುಂದೆ, ತೂಕ ಪರೀಕ್ಷೆಯ ಕಲ್ಲುಗಳ ಪಕ್ಕದಲ್ಲಿ ಕೂತಿದೆ. ಮುಂಬದಿಯಲ್ಲಿ ಕತ್ತಿ ಹಿಡಿದ ರಾಜಕುಮಾರಿ, ಗೇಣುದ್ದ. ಮೂಲೆಯಲ್ಲಿ ಉಗುರಿನಷ್ಟು ಒಂದು ಕೆಂಪು ಚೌಕ, ಅದರೊಳಗೆ ಹದಿನೆಂಟು. ಹಿಂಬದಿಯಲ್ಲಿ ಒಂದು ಮುಷ್ಟಿ, ಒಂದು ದಾಳ. ಮುಷ್ಟಿ ಅಂದರೆ ಹೊಡೆದಾಟವಂತೆ, ದಾಳ ಅಂದರೆ ಜೂಜಂತೆ. ಅದನ್ನು ಹೇಳುವ ಅಕ್ಷರ ಓದಲು ನಾನು ಚಿನ್ನದ ತಕ್ಕಡಿಗೆ ಇಟ್ಟುಕೊಂಡಿರುವ ಭೂತಗನ್ನಡಿಯನ್ನೇ ತೆಗೆಯಬೇಕಾಯಿತು. ಕಾಣಬಾರದೆಂದೇ ಬರೆದ ಎಚ್ಚರಿಕೆ ಎಂಥ ಎಚ್ಚರಿಕೆ?

ನನ್ನ ಕಸುಬಿನಲ್ಲಿ ಹೀಗೆ ನಡೆಯುತ್ತದೆಯೇ, ನೀನೇ ಹೇಳು. ರಿಪೇರಿಗೆ ಒಂದು ತಕ್ಕಡಿ ಬಂದರೆ ಖಾಲಿ ತಟ್ಟೆಯಲ್ಲಿ ಮುಳ್ಳು ನಿಲ್ಲುತ್ತದೋ ಇಲ್ಲವೋ ನೋಡುತ್ತೇನೆ. ಕಲ್ಲನ್ನು ಎಡಕ್ಕಿಟ್ಟು, ಬಲಕ್ಕಿಟ್ಟು ನೋಡುತ್ತೇನೆ. ಆಮೇಲೆ ತೂಕ ಅಳತೆಯ ಇನ್‌ಸ್ಪೆಕ್ಟರು ಬಂದು ತಾವೂ ನೋಡಿ ಸೀಸದ ಮುದ್ರೆ ಒತ್ತುತ್ತಾರೆ. ಮುದ್ರೆ ಒಡೆದ ತಕ್ಕಡಿಯಲ್ಲಿ ಈರುಳ್ಳಿ ತೂಗಿದರೂ ದಂಡ. ಈರುಳ್ಳಿಗೆ ಇಷ್ಟು ಕಾವಲು, ಮಕ್ಕಳ ತಲೆಗೆ ಹೋಗುವ ಸರಕಿಗೆ ಉಗುರಿನಷ್ಟು ಚೀಟಿ! ಅಂಟಿಸಿದವನು ಅಂಟಿಸಿ ಮನೆಗೆ ಹೋದ. ಡಬ್ಬಿ ಮಾರಿದ ಅಂಗಡಿಯವನೋ, ಕಣ್ಣೆತ್ತಿ ಕೂಡ ನೋಡದೆ ಚೀಲಕ್ಕೆ ಹಾಕಿ ಕೊಟ್ಟ.

ಇನ್ನು ಕಂಪನಿಯವರು. ಒಳಗಿನ ಪುಸ್ತಕದಲ್ಲಿ ಬರೆದಿದ್ದಾರೆ, ಮಕ್ಕಳ ಆಟಕ್ಕೆ ಪೋಷಕರೇ ಜವಾಬ್ದಾರರು ಅಂತ. ಓದಿ ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಭಾವನವರು ಹಡಗಿನಲ್ಲಿ, ಮನೆಗೆ ಬರುವುದು ವರ್ಷಕ್ಕೆ ಎರಡು ಸಲ. ನೀನು ಬೆಳಿಗ್ಗೆ ಏಳಕ್ಕೆ ರಕ್ತದ ಶೀಷೆಗಳ ಮುಂದೆ ಕೂತರೆ ಲ್ಯಾಬಿನಿಂದ ಏಳುವುದು ಸಂಜೆ ಆರಕ್ಕೆ. ಪ್ರತಿ ಆಟವನ್ನೂ ನೀನೇ ಮೊದಲು ಆಡಿ, ಎಷ್ಟು ತಲೆ ಉರುಳುತ್ತವೆ ಅಂತ ಎಣಿಸಿ, ಆಮೇಲೆ ಮಗಳ ಕೈಗೆ ಕೊಡಬೇಕೇ? ಆಗದ ಮಾತು. ಅದಕ್ಕೇ ತಾನೆ ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಆರರವರೆಗೆ ಗುಬ್ಬಿಯನ್ನು ನನ್ನ ಅಂಗಡಿಯಲ್ಲಿ ಬಿಟ್ಟದ್ದು. ಆ ಎರಡು ಗಂಟೆ ಪೋಷಕ ಯಾರು?

ಇಲ್ಲಿಗೆ ಬರುವಷ್ಟರಲ್ಲಿ ಪೆನ್ನು ಯಾಕೋ ಸ್ವಲ್ಪ ನಿಧಾನವಾಯಿತು.

ಅಂಗಡಿಯವನು ಕಣ್ಣೆತ್ತಿ ನೋಡಲಿಲ್ಲ ಅಂತ ಬರೆದೆನಲ್ಲ, ಅದು ಪೂರ್ತಿ ಸರಿಯಲ್ಲ. ನೋಡಿದ. ಯಾರಿಗೆ ಸಾರ್, ಅಂತ ಕೇಳಿದ. ತಂಗಿ ಮಗಳಿಗೆ, ಹನ್ನೊಂದು ತುಂಬ್ತು, ಅಂದೆ. ಅಯ್ಯೋ ಇದು ಹದಿನೆಂಟರದ್ದು ಸಾರ್, ಮೀನು ಸಾಕೋ ಆಟ ಇದೆ, ಅದು ಕೊಡ್ಲಾ, ಅಂದ. ಹಿಂದೆ ಸಾಲಿನಲ್ಲಿ ನಾಲ್ಕು ಜನ. ಅಷ್ಟು ಜನರ ಮುಂದೆ ನನ್ನಂಥವನು ಮೀನಿನ ಆಟ ಹಿಡಿದುಕೊಂಡು ಹೊರಗೆ ಬರುವುದೇ? ನಮ್ ಹುಡುಗಿ ಬುದ್ಧೀಲಿ ಇಪ್ಪತ್ತಾಗಿದೆ ಕಣಯ್ಯಾ, ನೀನು ಕೊಡು, ಅಂದೆ. ಸಾಲಿನವರು ನಕ್ಕರು. ನನಗೂ ಅದು ಇಷ್ಟವಾಯಿತು.

ಡಬ್ಬಿಯ ಜೊತೆಗೇ ಕೊಂಡ ಆಟದ ಯಂತ್ರ ಮೊದಲು ಹುಟ್ಟಿದ ವರ್ಷ ಕೇಳಿತು. ಗುಬ್ಬಿ ತನ್ನದನ್ನು ಒತ್ತಲು ಹೋದಳು. ನಾನೇ ಕೈ ಸರಿಸಿ ನನ್ನದನ್ನು ಒತ್ತಿದೆ. ಐವತ್ತೆರಡು ವರ್ಷದ ಮನುಷ್ಯ ಅಂದ ಕೂಡಲೇ ಬಾಗಿಲೆಲ್ಲ ತೆರೆದುಕೊಂಡವು. ನೋಡು, ನನ್ನ ಕಸುಬಿನಲ್ಲಿ ಮೂವತ್ತು ವರ್ಷದಿಂದ ಒಂದೇ ನಿಯಮ. ಕಲ್ಲಿಟ್ಟು ನೋಡದೆ ಮುದ್ರೆಗೆ ಕಳಿಸಬಾರದು. ಇನ್‌ಸ್ಪೆಕ್ಟರಿಗೇ ಒಂದು ಸಲ ಹಾಗಂತ ಬೈದವನು ನಾನು. ಅಂಥವನು ನನ್ನ ವಯಸ್ಸನ್ನೇ ಮುದ್ರೆ ಮಾಡಿ ಒತ್ತಿಬಿಟ್ಟೆ, ಒಳಗೆ ಏನಿದೆ ಅಂತ ನೋಡದೆ.

ನಿನಗೆ ಗೊತ್ತಾಗಬಾರದೆಂದು ಯಂತ್ರವನ್ನು ಅಂಗಡಿಯಲ್ಲೇ ಇಟ್ಟುಕೊಂಡೆ. ಗುಬ್ಬಿ ಆಡಿದ್ದು ಐದೇ ದಿನ. ಐದನೇ ದಿನ ರಾಜಕುಮಾರಿ ಒಬ್ಬ ಮುದುಕನ ಕತ್ತು ಕತ್ತರಿಸಿದಳು. ನಿನ್ನ ಮಗಳು ಯಂತ್ರ ಕೆಳಗಿಟ್ಟು, ಮಾವ, ಇದು ನಂಗೆ ಬೇಡ, ಅಂದಳು. ಆಮೇಲೆ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

ಈಗ ಕೇಳು. ಇವತ್ತು ಬೆಳಿಗ್ಗೆ ಅಂಗಡಿಯ ಕದದ ಕೆಳಗೆ ಒಂದು ಮಡಚಿದ ಹಾಳೆ ಬಿದ್ದಿತ್ತು. ಗುಬ್ಬಿಯ ಕೈಬರಹ. ಮಾವ, ನಿಮ್ಮನ್ನ ಕೇಳದೆ ನಿಮ್ಮ ಹಣದಲ್ಲಿ ಪೆಟ್ಟಿಗೆ ಕೊಂಡಿದ್ದಕ್ಕೆ ಕ್ಷಮಿಸಿ, ಇನ್ನು ಮಾಡಲ್ಲ, ಅಂತ ಬರೆದಿದ್ದಾಳೆ. ನೀನು ಪಕ್ಕದಲ್ಲಿ ನಿಂತು ಬರೆಸಿದ್ದು ಅಂತ ಗೊತ್ತು. ಕೆಳಗೆ ಮೂಲೆಯಲ್ಲಿ, ನಿನ್ನ ಕಣ್ಣು ತಪ್ಪಿಸಿ ಇರಬೇಕು, ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು: ನಾನು ಯಾರಿಗೂ ಹೇಳಿಲ್ಲ.

ಆ ಸಾಲು ಓದಿದ ಮೇಲೆ ಇವತ್ತು ಒಂದು ತಕ್ಕಡಿಯನ್ನೂ ಸರಿಮಾಡಲು ಆಗಲಿಲ್ಲ. ಮುಳ್ಳು ನಿಂತರೂ ನನಗೆ ಅಲ್ಲಾಡಿದಂತೆ ಕಾಣುತ್ತದೆ.

ಪೆಟ್ಟಿಗೆ ಕೊಂಡವನು ನಾನು, ತಂಗೀ.

ಆಟದೊಳಗೆ ಮುಚ್ಚಿದ ಪೆಟ್ಟಿಗೆಗಳು ಬರುತ್ತವೆ. ದುಡ್ಡು ಕೊಟ್ಟರೆ ತೆರೆಯುತ್ತದೆ, ಒಳಗೆ ಏನಿದೆಯೋ ಮೊದಲು ಹೇಳುವುದಿಲ್ಲ. ಬಂಗಾರದ ಕತ್ತಿ ಇರಬಹುದು, ಹರಿದ ಚಪ್ಪಲಿ ಇರಬಹುದು. ತೂಗದೆ ಮಾರುವ ಸರಕು! ಬೇರೆ ಯಾರಾದರೂ ಹಾಗೆ ಮಾರಿದರೆ ನಾನೇ ದೂರು ಕೊಡುತ್ತಿದ್ದೆ. ಆದರೆ ಪೆಟ್ಟಿಗೆ ತೆರೆಯುವಾಗ ಒಂದು ಬೆಳಕು ಬರುತ್ತದೆ ನೋಡು, ಒಂದು ಗಂಟೆ ಮೊಳಗುತ್ತದೆ, ಬಂಗಾರದ ಕತ್ತಿ ಇನ್ನೇನು ಸಿಕ್ಕಿತು ಅನ್ನುವಂತೆ ಪಕ್ಕದಲ್ಲೇ ಸರಿದುಹೋಗುತ್ತದೆ. ಮುಂದಿನದರಲ್ಲಿ ಇದ್ದೇ ಇದೆ ಅನ್ನಿಸುತ್ತದೆ. ಗುಬ್ಬಿ ಹೋಮ್‌ವರ್ಕಿನಿಂದ ತಲೆ ಎತ್ತಿ, ಮಾವ ಸಾಕು, ಅದ್ರಲ್ಲಿ ಏನೂ ಬರಲ್ಲ, ಡಬ್ಬೀ ಮೇಲೆ ದಾಳದ ಚಿತ್ರ ಹಾಕಿಲ್ವಾ, ಅನ್ನುತ್ತಿದ್ದಳು. ಭೂತಗನ್ನಡಿ ಇಲ್ಲದೆ ಓದಿದ್ದಳು. ನೀನು ಲೆಕ್ಕ ಮಾಡು ಸುಮ್ನೆ, ಅಂತ ಗದರಿದೆ.

ಇನ್ನೂ ಕೆಟ್ಟದ್ದು ಬಾಕಿ ಇದೆ. ಕಂಪನಿಗೆ ಫೋನು ಮಾಡಿ ದುಡ್ಡು ವಾಪಸ್ ಕೇಳಿದೆ. ಮಕ್ಕಳು ತಿಳಿಯದೆ ಕೊಂಡಿದ್ದರೆ ಮಾತ್ರ ಕೊಡ್ತೀವಿ ಸಾರ್, ಅಂದಳು ಫೋನೆತ್ತಿದ ಹೆಣ್ಣುಮಗಳು. ನನ್ನ ನಾಲಿಗೆ ತಡವರಿಸಲೇ ಇಲ್ಲ. ಹೌದಮ್ಮ, ತಂಗಿ ಮಗಳು ಕೊಂಡ್ಬಿಟ್ಟಿದ್ದಾಳೆ, ಅಂದೆ. ಅವಳು ಕಳಿಸಿದ ಅರ್ಜಿಯಲ್ಲಿ ಮಗುವಿನ ತಾಯಿಯ ವಿಳಾಸ ಅಂತ ಒಂದು ಖಾಲಿ ಜಾಗ ಇತ್ತು. ಆ ವಿಳಾಸಕ್ಕೆ ಯಾರು ಬರೆಯುತ್ತಾರೆ ಅಂದುಕೊಂಡು ನಿನ್ನ ಮೇಲ್ ವಿಳಾಸ ತುಂಬಿದೆ. ಭಾನುವಾರ ನಿನಗೆ ಬಂದ ಆ ಮೇಲ್ ಹುಟ್ಟಿದ್ದು ಹೀಗೆ. ನಿಮ್ಮ ಮಗಳು ಅನುಮತಿ ಇಲ್ಲದೆ ಖರೀದಿಸಿದ್ದಾಳೆಂದು ದೂರು ಬಂದಿದೆ, ಆದರೆ ಖಾತೆದಾರರ ವಯಸ್ಸು ಐವತ್ತೆರಡು ಎಂದಿರುವುದರಿಂದ ಹಣ ವಾಪಸ್ ಇಲ್ಲ, ಅಂತ. ಐವತ್ತೆರಡು ವರ್ಷದವನಿಗೆ ಬುದ್ಧಿ ಇರುತ್ತದೆ ಅಂತ ಅವರ ನಂಬಿಕೆ. ಮೇಲ್ ಓದಿದ ನೀನು ಮಗಳನ್ನು ಬೈದೆ. ಶನಿವಾರದ ಈಜು ಸ್ಪರ್ಧೆಯಿಂದ ಅವಳ ಹೆಸರು ತೆಗೆಸಿದೆ. ನನಗೆ ಸೋಮವಾರವೇ ಗೊತ್ತಾಯಿತು. ಸುಮ್ಮನಿದ್ದೆ. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಮೇಕೆಯಾದರೂ ಬ್ಯಾ ಅನ್ನುತ್ತದೆ. ನಿನ್ನ ಮಗಳು ಅಷ್ಟೂ ಅನ್ನಲಿಲ್ಲ.

ಡಬ್ಬಿಯವರ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಚೀಟಿ ಅಂಟಿಸಿ ಕೈತೊಳೆದುಕೊಳ್ಳುವುದು ಕಾವಲಲ್ಲ. ಮಕ್ಕಳ ಕಣ್ಣ ಮುಂದೆ ಜೂಜಿನ ಪೆಟ್ಟಿಗೆ ಇಟ್ಟು ತಾಯಂದಿರಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಈ ಸಲ ಚೀಟಿ ನಿಜ ಹೇಳಿತ್ತು, ಅಂಗಡಿಯವನು ನಿಜ ಹೇಳಿದ್ದ, ಹನ್ನೊಂದರ ಹುಡುಗಿಯೂ ನಿಜ ಹೇಳಿದಳು. ಸುಳ್ಳು ತೂಗಿದ ಕಲ್ಲು ಒಂದೇ. ಚೀಟಿ ಇಲ್ಲದ ಶೀಷೆಯನ್ನು ನೀನು ಮುಟ್ಟುವವಳಲ್ಲ, ನಿನಗೆ ಬಿಡಿಸಿ ಹೇಳಬೇಕಿಲ್ಲ.

ಈಜು ಕಲಿಸುವ ಟೀಚರನ್ನು ಮಧ್ಯಾಹ್ನ ಹೋಗಿ ನೋಡಿ ಬಂದೆ. ಶುಕ್ರವಾರ ಸಂಜೆ ಐದರೊಳಗೆ ತಾಯಿ ಬಂದು ಸಹಿ ಹಾಕಿದರೆ ಹೆಸರು ಮತ್ತೆ ಸೇರಿಸುತ್ತಾರಂತೆ. ಮಾವನ ಸಹಿ ಆಗುತ್ತಾ, ಅಂತ ಕೇಳಿದೆ. ಆಗಲ್ಲ, ಅಂದರು. ಸರಿಯಾಗಿಯೇ ಅಂದರು. ಈ ಕಾಗದವನ್ನು ನಾನೇ ನಿನ್ನ ಲ್ಯಾಬಿನ ಕೌಂಟರಿಗೆ ಕೊಟ್ಟು ಹೋಗುತ್ತೇನೆ. ನನ್ನನ್ನು ಮನೆಗೆ ಸೇರಿಸುವುದು ಬಿಡುವುದು ನಿನ್ನ ಇಷ್ಟ. ಗುಬ್ಬಿಯನ್ನು ಮಾತ್ರ ನೀರಿಗೆ ಬಿಡು.

ಇಂತಿ ನಿನ್ನ,
ಮುದ್ರೆ ಒಡೆದ ಅಣ್ಣ

ಮರೆತಿದ್ದು: ನಿನಗೆ ಬಂದ ಮೇಲ್‌ನಲ್ಲಿ ಹನ್ನೊಂದು ಸಾವಿರ ಅಂತ ಇತ್ತಲ್ಲ, ನಾನೂ ಫೋನಿನಲ್ಲಿ, ಹೋದ್ರೆ ಹೋಯ್ತು ಬಿಡು, ಅಂತ ದೊಡ್ಡ ಮನಸ್ಸಿನವನ ಹಾಗೆ ಅಂದೆನಲ್ಲ. ಅರ್ಜಿಯಲ್ಲಿ ಕೊನೆಯ ಒಂದು ತಿಂಗಳದ್ದು ಮಾತ್ರ ಬರೆಯಲು ಜಾಗ ಇತ್ತು. ನಾನು ಆಡಿದ್ದು ನಾಲ್ಕು ತಿಂಗಳು. ಬಂಗಾರದ ಕತ್ತಿ ಬರಲಿಲ್ಲ. ಹರಿದ ಚಪ್ಪಲಿ ಒಂಬತ್ತು ಜೊತೆ ಬಂದವು. ಹೋದದ್ದು, ಎಡಕ್ಕಿಟ್ಟು ಬಲಕ್ಕಿಟ್ಟು ನೋಡಿಯೇ ಹೇಳುತ್ತಿದ್ದೇನೆ, ಅರವತ್ತೆಂಟು ಸಾವಿರದ ನಾನೂರು.