ತೀರ್ಥವೆಂದು ಕುಡಿದ ಲ್ಯಾವೆಂಡರ್

ಅವ್ವಾ,

ಇದನ್ನು ಓದಿ ನಗಬೇಡ ಎಂದು ಹೇಳುವುದಿಲ್ಲ. ನಕ್ಕರೆ ಎಷ್ಟು ಚೆಂದ ಕಾಣುತ್ತಿದ್ದೆ ನೀನು.

ಆ ದಿನ ಪರೀಕ್ಷೆಯ ನಡುವೆಯೇ ನನ್ನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದರು. ಅಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ. ಅಲ್ಲಿಯ ಫಿನಾಯಿಲ್ ವಾಸನೆ ಮೂಗಿನಲ್ಲೇ ಉಳಿಯಿತು. ವಿಶ್ವವಿದ್ಯಾಲಯದ ಪರೀಕ್ಷಾ ಕೊಠಡಿಯನ್ನೂ ಅದನ್ನೇ ಹಾಕಿ ಒರೆಸುತ್ತಾರೆ. ಬಾಗಿಲು ದಾಟಿದರೆ ಸಾಕು, ಎದೆ ಡವಡವ, ಪೆನ್ನು ನಡೆಯುವುದಿಲ್ಲ. ಎರಡು ಸಲ ಖಾಲಿ ಹಾಳೆ ಕೊಟ್ಟು ಎದ್ದುಬಂದೆ. ಈ ಸಲವೂ ಆಗದಿದ್ದರೆ ಓದು ಬಿಟ್ಟು ನಮ್ಮೂರು ನರೋಣಾದ ಬಸ್ಸು ಹತ್ತುವುದೇ ಎಂದುಕೊಂಡಿದ್ದೆ. ನೀನಿದ್ದಿದ್ದರೆ ಏನನ್ನುತ್ತಿದ್ದೆಯೋ...

ಪರೀಕ್ಷೆಯ ಹಿಂದಿನ ಸಂಜೆ ಒಬ್ಬ ಮೇಡಂ ಹಾಸ್ಟೆಲಿಗೆ ಬಂದರು, ಅಫಜಲಪುರದವರಂತೆ. ಸುವಾಸನೆಯಿಂದ ಮನಸ್ಸು ಹಗುರವಾಗುತ್ತದೆ ಎಂದು ಹೇಳಿ, ಹೆದರಿದ ಹುಡುಗಿಯರನ್ನೆಲ್ಲ ಕೂಡಿಸಿ ಕಣ್ಣು ಮುಚ್ಚಿಸಿದರು. ಯಾವುದೋ ಹೂವಿನ ಪರಿಮಳ ತೇಲಿ ಬಂತು, ಅದರ ಹಿಂದೆಯೇ ನೀನು. ಪಡಸಾಲೆಯಲ್ಲಿ ಕೂತು ನನ್ನ ಜಡೆಗೆ ದವನ ಮುಡಿಸುತ್ತಿದ್ದೆ. "ಅಲ್ಲಾಡಬ್ಯಾಡ ಬೇ, ಜಡಿ ಸಡಲ್ತದ," ಅಂದೆ. ನಿನ್ನ ಬೆರಳು ಕತ್ತಿಗೆ ತಾಗಿತು, ನಿಜವಾಗಿಯೂ ತಾಗಿತು. ಆಮೇಲೆ ಲಿಂಗಪೂಜೆ ಮುಗಿಸಿ ತೀರ್ಥಕ್ಕೆ ಕರೆದೆ. "ಕೈ ಹಿಡಿ," ಎಂದದ್ದು ನೀನೋ, ಮೇಡಮ್ಮೋ? ಅಂಗೈಗೆ ಒಂದು ಹನಿ ಬಿತ್ತು. ಕಣ್ಣಿಗೊತ್ತಿಕೊಂಡು ಕುಡಿದೆ, ಕೈಯನ್ನು ತಲೆಗೆ ಒರೆಸಿಕೊಂಡೆ.

"ಅಯ್ಯ, ಯಾಕ ಕುಡದಿ? ಅದು ಮೂಸಿ ನೋಡೋ ಲ್ಯಾವೆಂಡರ್ ಹೂವಿನ ಎಣ್ಣಿ!" ಮೇಡಂ ಚೀರಿದರು.

"ತೀರ್ಥ ಅಂತ ತಿಳ್ಕೊಂಡೆರಿ..."

ಪಕ್ಕದಲ್ಲಿದ್ದ ಜೇವರ್ಗಿಯ ಗೆಳತಿ ಶಾಂತಾ ಬಿಡುತ್ತಾಳೆಯೇ? "ಇಕಿ ಇನ್ನ ಪ್ರಸಾದಕ್ಕ ಕಾಯಾಕತ್ತಾಳ್ರಿ ಮೇಡಂ!"

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ನಾಲಿಗೆಯೆಲ್ಲ ಕಹಿ. ನಾನೂ ನಕ್ಕೆ ಅವ್ವಾ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಹೋದ ಮೇಲೆ ಅದೇ ಮೊದಲು. ಮೇಡಂ ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಹತ್ತಿಯ ಉಂಡೆಗೆ ಎಣ್ಣೆ ಹಚ್ಚಿ ಕೈಗಿಟ್ಟರು. "ಇದನ್ನರೆ ಮೂಸು ತಾಯಿ, ನುಂಗಬ್ಯಾಡ."

ಮರುದಿನ ಕೊಠಡಿಯ ಬಾಗಿಲಲ್ಲೇ ಫಿನಾಯಿಲ್ ಎದುರಾಯಿತು. ಹತ್ತಿಯನ್ನು ಮೂಗಿಗೆ ಹಿಡಿದೆ. ಶಾಂತಾಳ ಮಾತು ನೆನಪಾಗಿ ತುಟಿ ಕಚ್ಚಿ ನಗು ತಡೆದೆ. ಎದೆಯ ಬಡಿತವೇನೂ ನಿಲ್ಲಲಿಲ್ಲ, ಆದರೆ ಪೆನ್ನು ನಡೆಯತೊಡಗಿತು. ಗಂಟೆ ಬಾರಿಸಿದಾಗಲೇ ನಾನು ತಲೆ ಎತ್ತಿದ್ದು.

ನಿನ್ನೆ ಫಲಿತಾಂಶ ಬಂತು, ಪಾಸಾಗಿದ್ದೇನೆ. ಅದನ್ನು ಅಪ್ಪ ಊರಿಗೆಲ್ಲ ಹೇಳುತ್ತಿದ್ದಾನೆ. ನಿನಗೆ ಹೇಳಬೇಕಾದದ್ದು ಬೇರೆ ಇದೆ, ಸಿಟ್ಟಾಗಬೇಡ. ಪರೀಕ್ಷೆ ಬರೆದ ಆ ಮೂರು ತಾಸು ನೀನು ನನಗೆ ಒಮ್ಮೆಯೂ ನೆನಪಾಗಲಿಲ್ಲ ಅವ್ವಾ.